ಲ್ಯಾಪ್‌ಟಾಪಿನಲ್ಲೇ ವಿಮಾನದ ಏರಿಳಿತ ಲೆಕ್ಕ ಹಾಕಿ

ಜೆಎಸ್‌ಬಿಸಿಮ್ ಎಂಬ ತಂತ್ರಾಂಶ ತೆರೆದರೆ ಮೋಡ, ರನ್‌ವೇ, ಕಾಕ್‌ಪಿಟ್ ಯಾವುದೂ ಕಾಣುವುದಿಲ್ಲ. ಅಲ್ಲಿರುವುದು ಬರೀ ಲೆಕ್ಕ. ಗಾಳಿಯ ಬಲ, ಎಂಜಿನ್ನಿನ ಎಳೆತ, ತೂಕ ಇವನ್ನೆಲ್ಲ ಕೂಡಿಸಿ, ಮುಂದಿನ ಕ್ಷಣ ವಿಮಾನ ಎಲ್ಲಿರುತ್ತದೆ, ಯಾವ ಕಡೆ ವಾಲಿರುತ್ತದೆ ಎಂದು ಅದು ಹೇಳುತ್ತದೆ. ಸೆಕೆಂಡಿಗೆ 120 ಸಲ! ಜಾನ್ ಬರ್ನ್ಟ್ 1990ರ ದಶಕದಲ್ಲಿ ಶುರುಮಾಡಿದ ಈ ಓಪನ್ ಸೋರ್ಸ್ ತಂತ್ರಾಂಶವೇ ಫ್ಲೈಟ್‌ಗಿಯರ್ ಸಿಮ್ಯುಲೇಟರಿನ ಎಷ್ಟೋ ವಿಮಾನಗಳನ್ನು ಹಾರಿಸುತ್ತಿದೆ. ಏರೋನಾಟಿಕಲ್ ಓದುವವರು ಚಿತ್ರಕ್ಕಿಂತ ಮೊದಲು ಈ ಅಂಕಿಗಳನ್ನು ನೋಡಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹಾಕಿಕೊಳ್ಳುವುದು ಸುಲಭ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಇದ್ದರೆ, ಅದರ ತಂತ್ರಾಂಶ ಹಾಕಿಕೊಡುವ ಪಿಪ್ ಮೂಲಕ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಸೆಸ್ನಾ 172, ಬೋಯಿಂಗ್ 737, ಎಫ್-16 ಮಾದರಿಗಳು ಜೊತೆಗೇ ಬರುತ್ತವೆ. ಸೆಸ್ನಾದಿಂದ ಶುರುಮಾಡಿ.

ಮೊದಲು ಆರಂಭದ ಸ್ಥಿತಿ ಕೊಡಿ: ಎತ್ತರ 4,000 ಅಡಿ, ವೇಗ 100 ನಾಟ್ (ಗಂಟೆಗೆ 100 ನಾಟಿಕಲ್ ಮೈಲಿ). ಇಲ್ಲಿ ಅಡಿ, ನಾಟ್, ಪೌಂಡುಗಳದ್ದೇ ರಾಜ್ಯ. ಮೀಟರ್ ಲೆಕ್ಕದಲ್ಲಿ ಅಂಕಿ ಕೊಟ್ಟರೆ ಉತ್ತರವೆಲ್ಲ ಅಡ್ಡಾದಿಡ್ಡಿ. ಆಮೇಲೆ ಎಂಜಿನ್ ಓಡುತ್ತಿದೆ ಎಂದು ಹೇಳಿ, ನಂತರವೇ ಟ್ರಿಮ್ ಮಾಡಿ. ಟ್ರಿಮ್ ಅಂದರೆ ಬಲಗಳೆಲ್ಲ ಸರಿದೂಗಿ ವಿಮಾನ ನೆಟ್ಟಗೆ, ಒಂದೇ ವೇಗದಲ್ಲಿ ಹಾರುವ ಸ್ಥಿತಿ. ಎಂಜಿನ್ ಆಫ್ ಇದ್ದರೆ ಎಳೆತವೇ ಇಲ್ಲ, ಎತ್ತರ ಕಳೆದುಕೊಳ್ಳದೆ ಹಾರುವುದು ಹೇಗೆ ಅಲ್ವಾ?

ಈಗ ಅಸಲಿ ಪ್ರಯೋಗ. ಎಲಿವೇಟರಿಗೆ, ಅಂದರೆ ಮೂತಿಯನ್ನು ಏರಿಸಿ ಇಳಿಸುವ ಬಾಲದ ಪಟ್ಟಿಗೆ, ಸಣ್ಣ ಮೈನಸ್ ಬೆಲೆ ಕೊಡಿ, ಮೂತಿ ಮೇಲೇಳುತ್ತದೆ. ಎರಡು ಸೆಕೆಂಡು ಬಿಟ್ಟು ಹಳೆಯ ಬೆಲೆಗೇ ತನ್ನಿ. ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಮುಟ್ಟಬೇಡಿ. ಎರಡು ನಿಮಿಷ ಓಡಿಸಿ, ಎತ್ತರ ಮತ್ತು ವೇಗವನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಅಂಕಿಗಳ) ಕಡತಕ್ಕೆ ಬರೆಸಿ ಗ್ರಾಫ್ ಹಾಕಿ. ವಿಮಾನ ಏರುತ್ತಾ ವೇಗ ಕಳೆದುಕೊಳ್ಳುತ್ತದೆ, ಇಳಿಯುತ್ತಾ ಮತ್ತೆ ಗಳಿಸುತ್ತದೆ. ಈ ನಿಧಾನದ ತೂಗಾಟಕ್ಕೆ ಫ್ಯೂಗಾಯ್ಡ್ ಎನ್ನುತ್ತಾರೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ನೂರು ವರ್ಷಕ್ಕೂ ಹಿಂದೆ ಇದಕ್ಕೊಂದು ಸೂತ್ರ ಕೊಟ್ಟರು: ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದನ್ನು 0.45ರಿಂದ ಗುಣಿಸಿದರೆ ಒಂದು ಸುತ್ತಿನ ಸಮಯ ಸಿಗುತ್ತದೆ. 100 ನಾಟ್ ಅಂದರೆ ಸೆಕೆಂಡಿಗೆ ಸುಮಾರು 51 ಮೀಟರ್, ಹಾಗಾಗಿ 23 ಸೆಕೆಂಡು. ನಿಮ್ಮ ಗ್ರಾಫ್ ಇದರಿಂದ ಸ್ವಲ್ಪ ಆಚೀಚೆ ಆದರೆ ಗಾಬರಿ ಬೇಡ. ಆ ಸೂತ್ರ ಗಾಳಿಯ ತಡೆಯನ್ನು, ವೇಗದ ಜೊತೆ ಬದಲಾಗುವ ಪ್ರೊಪೆಲ್ಲರಿನ ಎಳೆತವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತುಂಬಾ ಜಾಸ್ತಿ ವ್ಯತ್ಯಾಸ ಬಂದರೆ ಮೊದಲು ಟ್ರಿಮ್ ಸರಿಯಾಗಿತ್ತಾ ಎಂದು ನೋಡಿ.

ಇಷ್ಟಾದ ಮೇಲೆ ವಿಮಾನದ ಎಕ್ಸ್‌ಎಂಎಲ್ ಕಡತ ತೆರೆಯಿರಿ. ತೂಕ, ಚಕ್ರ, ಎಂಜಿನ್, ಗಾಳಿಯ ಬಲ ಎಲ್ಲ ಅಲ್ಲಿ ಓದುವ ಹಾಗೆ ಬರೆದಿದೆ. ಮೂಲ ಕಡತದ ಒಂದು ಪ್ರತಿ ಇಟ್ಟುಕೊಂಡು ಗುರುತ್ವ ಕೇಂದ್ರದ ಎಕ್ಸ್ ಬೆಲೆಯನ್ನು ಒಂದೆರಡು ಇಂಚು ಹೆಚ್ಚಿಸಿ. ಅಂದರೆ ತೂಕ ಬಾಲದ ಕಡೆ ಸರಿಯಿತು. ಮತ್ತೆ ಟ್ರಿಮ್ ಮಾಡಿ, ಅದೇ ಎಲಿವೇಟರ್ ಪ್ರಯೋಗ ನಡೆಸಿ. ಹೀಗೆ ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸುತ್ತಾ ಹೋದರೆ, ಒಂದು ಹಂತ ದಾಟಿದ ಮೇಲೆ ಎತ್ತಿದ ಮೂತಿ ತಾನಾಗಿ ವಾಪಸ್ ಬರುವುದೇ ಇಲ್ಲ.