ಕಾರ್ಡ್ ಹರಿದು ಹಾಕುವ ಆಟ: ನನ್ನ ಅನುಭವ

ಡಿಸೈನ್ ವಿದ್ಯಾರ್ಥಿಗಳಿಗೆ ನಿಜಕ್ಕೂ ಏನು ಮುಖ್ಯ ಅಂತ ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಮೊದಲ ವರ್ಷ ಮನಃಶಾಸ್ತ್ರಜ್ಞ ಶ್ವಾರ್ಟ್ಜ್ ಅವರ, ಬದುಕಿನ ಮೌಲ್ಯಗಳನ್ನು ಅಳೆಯುವ 40 ಸಾಲಿನ ಫಾರ್ಮ್ ಹಂಚಿದೆ. ಪ್ರತಿ ಸಾಲಿಗೂ 1ರಿಂದ 6ರವರೆಗೆ ಅಂಕ. ಸುಮಾರು 60 ಜನ ತುಂಬಿದರು. ಎಲ್ಲದಕ್ಕೂ 5, ಇಲ್ಲಾಂದ್ರೆ 6. ಒಬ್ಬೊಬ್ಬರ ಅಂಕಗಳಿಂದ ಅವರವರ ಸರಾಸರಿ ಕಳೆದೂ ನೋಡಿದೆ. ಎಲ್ಲರೂ ಅಣ್ಣತಮ್ಮಂದಿರ ಹಾಗೇ ಕಂಡರು.

ಮರುವರ್ಷ ಇನ್ನೊಬ್ಬ ಮನಃಶಾಸ್ತ್ರಜ್ಞ ರೋಕೀಚ್ ಅವರ ಮೌಲ್ಯಗಳ ಪಟ್ಟಿ: ಬದುಕಿನ 18 ಗುರಿ, 18 ಗುಣ, ಯಾವುದು ಹೆಚ್ಚು ಮುಖ್ಯ ಅನ್ನೋ ಕ್ರಮದಲ್ಲಿ ಜೋಡಿಸಬೇಕು. ಅವನ್ನು ಕಾರ್ಡ್ ಮಾಡಿಸಿದೆ. ದಪ್ಪ ಕಾಗದ, ಬಣ್ಣದ ಪ್ರಿಂಟು, ಮೇಲೆ ಲ್ಯಾಮಿನೇಶನ್ ಬೇರೆ. ವಿಭಾಗ ಕಾಸು ಬಿಚ್ಚಲಿಲ್ಲ. ಹತ್ತಿರ ಹತ್ತಿರ ಅರ್ಧ ತಿಂಗಳ ಸಂಬಳ ಹೋಯಿತು. ಮಕ್ಕಳು ಮಾಡಿದ್ದೇನು? ಕಾರ್ಡಿನ ಕರ್ನಿಂಗ್ (ಅಕ್ಷರಗಳ ನಡುವಿನ ಅಂತರ) ಸರಿಯಿಲ್ಲ ಅಂತ ಅರ್ಧ ಗಂಟೆ ಚರ್ಚೆ. ಮೇಲಿನ ನಾಲ್ಕು, ಕೆಳಗಿನ ನಾಲ್ಕು ಬಿಟ್ಟರೆ ಉಳಿದದ್ದನ್ನು ಸುಮ್ನೆ ಜೋಡಿಸಿದ್ದರು.

ಮೂರನೇ ವರ್ಷ ರದ್ದಿ ಕಾಗದ, ನನ್ನ ಕೆಟ್ಟ ಅಕ್ಷರ, 18 ಗುರಿ ಮಾತ್ರ. ಜೋಡಿಸಬೇಡಿ, ಒಂದೊಂದಾಗಿ ಹರಿದು ಹಾಕಿ, ಮೂರು ಉಳಿಯಲಿ ಅಂದೆ. ಸಹೋದ್ಯೋಗಿಯೊಬ್ಬರು ‘ಶಿಶುವಿಹಾರ ಶುರುವಾಯ್ತಾ?’ ಅಂತ ನಕ್ಕರು. ಮೊದಲ ಆರು ಚೀಟಿ ಪಟಪಟ ಹರಿದವು. ಹತ್ತು ದಾಟಿದ ಮೇಲೆ ಸ್ಟುಡಿಯೋ ಗಪ್‌ಚಿಪ್. ಒಬ್ಬ ಹುಡುಗ ‘ಕುಟುಂಬದ ಭದ್ರತೆ’ ಅನ್ನು ಅರ್ಧ ಹರಿದ, ನಿಲ್ಲಿಸಿದ, ಮರಳಿ ಟೇಪ್ ಅಂಟಿಸಿದ!

ಆಮೇಲೆ ಅವರವರ ಫೋನಿನ ಕೊನೆಯ ನೂರು ಫೋಟೋಗಳನ್ನು ಅವರೇ ನೋಡಿ ಗುಂಪು ಮಾಡಬೇಕು, ಸೆಲ್ಫಿ ಬಿಟ್ಟು. ಆಸಕ್ತಿ ಅನ್ನೋ ಜಾಗದಲ್ಲಿ ಆ ಹುಡುಗ ‘ಲೋಗೋ’ ಅಂತ ಬರೆದಿದ್ದ. ಫೋನಿನಲ್ಲಿ ಲೋಗೋ ಒಂದೋ ಎರಡೋ. ತಂತಿ ಸುತ್ತಿದ ಕನ್ನಡಕ, ಹಗ್ಗ ಬಿಗಿದ ಕುರ್ಚಿ ಕಾಲು, ಟೇಪ್ ಹಚ್ಚಿದ ರಿಮೋಟ್, ಇಂಥವು ಇಪ್ಪತ್ತರ ಮೇಲಿದ್ದವು. ‘ಎಲ್ಲಾ ಅಪ್ಪ ರಿಪೇರಿ ಮಾಡಿದ್ದು’ ಅಂದ. ಕೊನೆಯ ಪ್ರಾಜೆಕ್ಟಿಗೆ ಇಂಥ ರಿಪೇರಿಯ ಜೋಡಣೆಗಳನ್ನೇ ವಿಷಯವಾಗಿ ಹಿಡಿದ. ಜ್ಯೂರಿಯವರು ಅವನ ಮೇಜು ಬಿಟ್ಟು ಏಳಲಿಲ್ಲ. ಆ ಕ್ರೆಡಿಟ್ಟಿನಲ್ಲಿ ಸ್ವಲ್ಪ ನನಗೂ ಸಲ್ಲಬೇಕು ಬಿಡಿ.

ನಡುವೆ ಇನ್ನೊಂದು ಆಟವನ್ನೂ ಆಡಿಸಿದೆ. ಸ್ನೇಹಿತನ ಕೊನೆಯ ಮೂರು ಚೀಟಿ ಊಹಿಸಿ ಅಂದೆ. ಮೂರರಲ್ಲಿ ಒಂದು ಸರಿಯಾದರೆ ಹೆಚ್ಚು. ರೂಮ್‌ಮೇಟ್‌ಗಳೇ ಜಾಸ್ತಿ ತಪ್ಪಿದರು. ಹಿನ್ನೆಲೆಯಲ್ಲಿ ಸಂಗೀತ ಹಾಕಿದ್ದು ಮಾತ್ರ ದಂಡ, ಎಲ್ಲರೂ ಹಾಡಿನ ಬಗ್ಗೆಯೇ ಮಾತಾಡಿದರು.

ಒಂದು ಖಾಲಿ ಚೀಟಿಯನ್ನೂ ಇಟ್ಟುಕೊಂಡಿರುತ್ತೇನೆ. ಅದನ್ನು ಯಾವಾಗ ಕೊಡುತ್ತೇನೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ನಕ್ಕ ಸಹೋದ್ಯೋಗಿ ಮೊನ್ನೆ ಬಂದು ಕಾರ್ಡ್ ಕೇಳಿದರು. ಲ್ಯಾಮಿನೇಟ್ ಆದ ಕಟ್ಟು ಕಪಾಟಿನಲ್ಲಿ ಹಾಗೇ ಇತ್ತು. ಅದನ್ನೇ ಕೊಟ್ಟು ಕಳಿಸಿದೆ.