ಕಸದ ಪಾಠಕ್ಕೆ ತಕ್ಕಡಿ ಬೇಕು: ನಮ್ಮ ಶಾಲೆಯ ಅನುಭವ

ತಿಪಟೂರು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಟೀಚರ್. ಮಕ್ಕಳು ಸುಮಾರು 130. ನಮ್ಮಲ್ಲಿ ಈಗ ಕಸಕ್ಕೆ ಬೆಂಕಿ ಹಾಕುವುದಿಲ್ಲ, ಬಿಸಿಯೂಟದ ಅನ್ನ ಚರಂಡಿಗೆ ಹೋಗುವುದಿಲ್ಲ, ಗುಜರಿಗೆ ಮಾರಿದ ದುಡ್ಡಿನ ಲೆಕ್ಕ ಏಳನೇ ಕ್ಲಾಸಿನ ಮಕ್ಕಳ ಹತ್ತಿರ ಇದೆ. ಶುರು ಮಾಡಿದಾಗ "ಎರಡು ವಾರದ ಆಟ ಬಿಡಿ ಮೇಡಂ" ಅಂದವರು ಜಾಸ್ತಿ. ಈಗ ಮೂರನೇ ವರ್ಷ ನಡೆಯುತ್ತಿದೆ, ಪಕ್ಕದ ಊರಿನ ಮೇಷ್ಟ್ರುಗಳು ನೋಡೋಕೆ ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹಸಿ ಕಸ, ಒಣ ಕಸ, ಗೊಬ್ಬರದ ಗುಂಡಿ ಅಳತೆ ಇದೆಲ್ಲ ನಿಮಗೆ ಗೊತ್ತಿರೋದೇ. ಅದನ್ನು ಬಿಡುತ್ತೇನೆ.

ಜೂನ್ 5ರ ಪರಿಸರ ದಿನದ ಜಾಥಾ, ಪ್ರತಿಜ್ಞೆ, ಚಿತ್ರ ಬರೆಯುವ ಸ್ಪರ್ಧೆ ಎಲ್ಲ ನಾವೂ ವರ್ಷಗಟ್ಟಲೆ ಮಾಡಿದವರೇ. ಮಕ್ಕಳಿಗೆ ಉತ್ತರ ಬಾಯಿಪಾಠ ಇರುತ್ತೆ, ಆದರೆ ಕೈಯಲ್ಲಿರುವ ಚಾಕೊಲೇಟ್ ಕವರ್ ಎಲ್ಲಿ ಹೋಗುತ್ತೆ ಅಂತ ಯಾರೂ ತೋರಿಸಿರುವುದಿಲ್ಲ. ಹಾಗಾಗಿ ನಾನು ಮಾಡಿದ ಮೊದಲ ಖರ್ಚು ಒಂದು ನೇತುಹಾಕುವ ಡಿಜಿಟಲ್ ತಕ್ಕಡಿ. ಮುನ್ನೂರು ರೂಪಾಯಿ ಚಿಲ್ಲರೆ ಇರಬೇಕು. ಆಮೇಲೆ ಗೊಬ್ಬರದ ಗುಂಡಿಗೆ ಎರಡು ಸಿಮೆಂಟ್ ರಿಂಗ್, ಒಂದು ಕಬ್ಬಿಣದ ಜಾಲರಿ, ಮುಚ್ಚಳಕ್ಕೆ ತಗಡು. ಒಟ್ಟು ಎರಡೂವರೆ ಸಾವಿರದ ಒಳಗೆ ಮುಗಿಯಿತು. ಚೀಲಕ್ಕೆ ದುಡ್ಡಿಲ್ಲ, ಬಿಸಿಯೂಟದ ಅಕ್ಕಿ ಚೀಲ ಇದ್ದೇ ಇದೆ. ಅರ್ಧ ದುಡ್ಡು ನನ್ನದು, ಉಳಿದದ್ದು ಎಸ್‌ಡಿಎಂಸಿಯವರು (ಶಾಲೆಯ ಅಭಿವೃದ್ಧಿ ಸಮಿತಿ) ಕೈಯಿಂದ ಹಾಕಿದರು.

ಮೊದಲ ಟರ್ಮ್‌ನಲ್ಲಿ ಕ್ಲಾಸ್ ಕ್ಲಾಸ್ ನಡುವೆ ಸ್ಪರ್ಧೆ ಇಟ್ಟೆವು. ಯಾವ ಕ್ಲಾಸ್ ಜಾಸ್ತಿ ಒಣ ಕಸ ತೂಗುತ್ತೋ ಅದಕ್ಕೆ ಬಹುಮಾನ. ಪುಸ್ತಕದಲ್ಲೆಲ್ಲ ಹೀಗೇ ಬರೆದಿರುತ್ತಾರೆ ಅಲ್ವಾ? ಎರಡನೇ ವಾರಕ್ಕೇ ಹಾಳಾಯಿತು. ಅರ್ಧ ಖಾಲಿ ಇದ್ದ ನೋಟ್‌ಬುಕ್ ಹರಿದು ತಂದರು. ರಟ್ಟು ನೀರಿನಲ್ಲಿ ನೆನೆಸಿ ತಂದರು. ಬಾಟಲಿಯೊಳಗೆ ಮರಳು ಇತ್ತು. ಒಬ್ಬ ಹುಡುಗ ಅಪ್ಪನ ಮೋಟರ್ ಪಂಪಿನ ರಟ್ಟಿನ ಡಬ್ಬ ತಂದುಬಿಟ್ಟ, ಒಳಗೆ ಗ್ಯಾರಂಟಿ ಕಾರ್ಡ್ ಇತ್ತು, ಸಂಜೆ ಅವರಪ್ಪ ಶಾಲೆಗೇ ಬಂದರು. ಊಟದ ತಟ್ಟೆಯಲ್ಲಿ ಬಿಟ್ಟ ಅನ್ನಕ್ಕೂ ರ‍್ಯಾಂಕ್ ಹಾಕಿದ್ದೆವು. ಅದರಿಂದ ಇನ್ನೂ ಕಷ್ಟ. ಚಿಕ್ಕ ಮಕ್ಕಳು ತಮ್ಮ ಕ್ಲಾಸಿನ ಹೆಸರು ಕೆಳಗೆ ಹೋಗುತ್ತೆ ಅಂತ ಅನ್ನವನ್ನು ಕಾಂಪೌಂಡಿನ ಹಿಂದೆ ಎಸೆಯುತ್ತಿದ್ದರು. ನಾಯಿಗಳು ಸಾಲಾಗಿ ಕೂರುತ್ತಿದ್ದವು.

ಬಹುಮಾನ ತೆಗೆದೆ, ರ‍್ಯಾಂಕ್ ಅಳಿಸಿದೆ. ಉಳಿದ ಅನ್ನಕ್ಕೆ ಇಡೀ ಶಾಲೆಗೆ ಒಂದೇ ಬಕೆಟ್, ಒಂದೇ ತೂಕ, ಅಡುಗೆ ಮನೆಯ ಗೋಡೆಯ ಮೇಲೆ ದಿನಕ್ಕೆ ಒಂದು ಅಂಕಿ. ಇಷ್ಟೇ. ಆ ಅಂಕಿ ಕೆಳಗೆ ಇಳಿಯಬೇಕು ಅನ್ನೋದೊಂದೇ ನಿಯಮ. ಶುರುವಿನಲ್ಲಿ ದಿನಕ್ಕೆ ನಾಲ್ಕೈದು ಕಿಲೋ ಅನ್ನ ಸಾಂಬಾರ್ ಉಳಿಯುತ್ತಿತ್ತು. ಮಕ್ಕಳೇ ಗಮನಿಸಿದರು: ಉಪ್ಪಿಟ್ಟಿನ ದಿನ ಜಾಸ್ತಿ, ಬಿಸಿಬೇಳೆಬಾತ್ ದಿನ ಏನೂ ಇಲ್ಲ, ಸೋಮವಾರ ಜಾಸ್ತಿ. ಅಡುಗೆಯ ಅಕ್ಕನಿಗೆ "ಅಕ್ಕಾ, ನಮಗೆ ಮೊದಲು ಒಂದೇ ಸೌಟು ಹಾಕಿ, ಬೇಕಾದ್ರೆ ಕೇಳ್ತೀವಿ" ಅಂತ ಅವರೇ ಹೋಗಿ ಹೇಳಿದರು. ಈಗ ಒಂದು ಕಿಲೋ ದಾಟುವುದು ಅಪರೂಪ. ನಾನು ಒಂದು ದಿನವೂ ಅನ್ನದ ಬಗ್ಗೆ ಭಾಷಣ ಮಾಡಿಲ್ಲ. ಈ ಒಂದು ಬದಲಾವಣೆಯ ಬಗ್ಗೆ ನನಗೆ ನಿಜವಾಗಿಯೂ ಹೆಮ್ಮೆ ಇದೆ.

ಗುಂಡಿಯ ವಿಷಯ. ನಮ್ಮ ಕಡೆ ತೆಂಗಿನ ನಾರಿನ ಫ್ಯಾಕ್ಟರಿ ಬೇಕಾದಷ್ಟಿವೆ, ನಾರಿನ ಪುಡಿ ಅಗ್ಗಕ್ಕೆ ಸಿಗುತ್ತೆ. ಅದನ್ನೇ ಪದರ ಪದರ ಹಾಕಿದೆವು. ನೀರು ಚೆನ್ನಾಗಿ ಹೀರುತ್ತೆ, ವಾಸನೆ ಬರಲ್ಲ, ಆದರೆ ಕೊಳೆಯೋದೇ ಇಲ್ಲ. ನಾಲ್ಕು ತಿಂಗಳ ಮೇಲೆ ತೆಗೆದರೆ ಪುಡಿ ಪುಡಿಯಾಗಿಯೇ ಇತ್ತು. ಈಗ ಅದು ತಳಕ್ಕೆ ಮಾತ್ರ. ಮೇಲೆ ಹೊಂಗೆ ಎಲೆ. ಅಂಗಳದಲ್ಲಿ ಎರಡು ದೊಡ್ಡ ಹೊಂಗೆ ಮರ ಇವೆ, ಮೊದಲು ಆ ಎಲೆಯನ್ನೇ ಬೆಳಿಗ್ಗೆ ಗುಡಿಸಿ ಪ್ಲಾಸ್ಟಿಕ್ ಸಮೇತ ಸುಡುತ್ತಿದ್ದದ್ದು. ಪ್ರಾರ್ಥನೆ ಹೊತ್ತಿಗೆ ಮಕ್ಕಳು ಆ ಹೊಗೆ ಕುಡಿಯುತ್ತಿದ್ದರು. ಎಲೆಗೆ ಬೆಲೆ ಬಂದ ಮೇಲೆ ಬೆಂಕಿ ತಾನೇ ನಿಂತಿತು. ಬೇಗ ಕೊಳೆಯಲಿ ಅಂತ ಸಗಣಿ ನೀರು, ಹುಳಿ ಮಜ್ಜಿಗೆ, ಸ್ವಲ್ಪ ಬೆಲ್ಲ ಎಲ್ಲರೂ ಹಾಕುತ್ತಾರೆ. ನಾವು ಅದಕ್ಕೆ ಇನ್ನೊಂದು ಸೇರಿಸುತ್ತೇವೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಆರನೇ ಕ್ಲಾಸಿನ ಹುಡುಗಿಯರು ಕಂಡುಕೊಂಡದ್ದು, ಶಾಲೆಗೆ ಬಂದವರಿಗೆ ಅವರೇ ಹೇಳಲಿ.

ಎರೆಹುಳು ಬೇಡ. ಎರಡು ಕಿಲೋ ತಂದಿದ್ದೆವು, ಏಳುನೂರೋ ಎಂಟುನೂರೋ ಆಯಿತು. ಏಪ್ರಿಲ್‌ನಲ್ಲಿ ರಜೆ, ಬಿಸಿಲು, ಮೇಲಿಂದ ಇರುವೆ. ಜೂನ್‌ನಲ್ಲಿ ಬಂದು ನೋಡಿದರೆ ಒಂದೂ ಇಲ್ಲ. ಶಾಲೆ ಅಂದರೆ ಎರಡು ತಿಂಗಳು ಯಾರೂ ಇರದ ಜಾಗ, ಅಲ್ಲಿ ಹುಳು ಸಾಕೋದು ಆಗದ ಮಾತು. ಈಗ ಮಾರ್ಚ್ ಕೊನೆಗೆ ಗುಂಡಿ ತುಂಬಿಸಿ, ಚೆನ್ನಾಗಿ ನೆನೆಸಿ, ತೆಂಗಿನ ಗರಿ ಹೊದಿಸಿ ಮುಚ್ಚಿಬಿಡುತ್ತೇವೆ. ಶಾಲೆ ತೆರೆದಾಗ ಅರವತ್ತು ಎಪ್ಪತ್ತು ಕಿಲೋ ಗೊಬ್ಬರ ರೆಡಿ. ಊರಿನ ತೋಟದವರೊಬ್ಬರು ಕಿಲೋಗೆ ಹತ್ತು ರೂಪಾಯಿ ಕೊಡ್ತೀನಿ ಅಂದರು. ಮಕ್ಕಳು ಶನಿವಾರದ ಸಭೆಯಲ್ಲಿ ಬೇಡ ಅಂದರು, ನುಗ್ಗೆ ಬಸಳೆಗೆ ಬೇಕು ಅಂತ. ನನಗೆ ಕೊಡಬೇಕು ಅನ್ನಿಸಿತ್ತು, ಆದರೆ ಲೆಕ್ಕ ಅವರದು, ತೀರ್ಮಾನವೂ ಅವರದೇ.

ಮೊಟ್ಟೆ ಸಿಪ್ಪೆಯದ್ದು ಬೇರೆ ಕಥೆ. 2024ರ ಸೆಪ್ಟೆಂಬರ್‌ನಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂತಲ್ವಾ, ಸಿಪ್ಪೆ ಒಂದೇ ಸಲಕ್ಕೆ ಮೂರು ಪಟ್ಟಾಯಿತು. ದಿನಕ್ಕೆ ಅರ್ಧ ಕಿಲೋಗಿಂತ ಮೇಲೆ. ಗುಂಡಿಗೆ ಹಾಗೇ ಹಾಕಿದರೆ ವಾಸನೆಗೆ ನಾಯಿ ಬಂದು ಕೆದರುತ್ತೆ, ತಗಡಿನ ಮುಚ್ಚಳದ ಮೇಲೆ ಕಲ್ಲು ಇಡೋಕೆ ಶುರು ಮಾಡಿದ್ದು ಆಗಲೇ. ಒಣಗಿಸಿ ಒರಳಿನಲ್ಲಿ ಕುಟ್ಟಿ ಟೊಮೇಟೊ ಗಿಡದ ಒಂದು ಸಾಲಿಗೆ ಹಾಕಿದೆವು, ಇನ್ನೊಂದು ಸಾಲಿಗೆ ಇಲ್ಲ. ಏನೂ ವ್ಯತ್ಯಾಸ ಕಾಣಲಿಲ್ಲ. ಪುಡಿ ಮಣ್ಣಿನಲ್ಲಿ ಬೆಳ್ಳಗೆ ಹಾಗೇ ಕೂತಿತ್ತು. ಆಗ ಒಬ್ಬಳು ಪುಡಿಯ ಮೇಲೆ ನಿಂಬೆರಸ ಹಿಂಡಿದಳು, ಬುಸ್ ಅಂತ ಗುಳ್ಳೆ ಬಂತು. ಆಮ್ಲದ ಪಾಠ ಅಲ್ಲೇ ಆಯಿತು, ನಾನು ಬೋರ್ಡಿಗೆ ಹೋಗಲೇ ಇಲ್ಲ. ಮೊಟ್ಟೆಯ ಟ್ರೇ ಮಾತ್ರ ಚಿನ್ನ. ಕಾಗದದ ಟ್ರೇ ಹರಿದು ಹಾಕಿದರೆ ಮಳೆಗಾಲದಲ್ಲಿ ಗುಂಡಿಯ ನೀರನ್ನೆಲ್ಲ ಎಳೆದುಕೊಳ್ಳುತ್ತೆ.

ಹಳೆ ಕಾಗದದಿಂದ ಹೊಸ ಕಾಗದ ಮಾಡೋಕೂ ಹೋದೆವು. ಮಿಕ್ಸಿ ಹಾಳಾಯಿತು, ಹಾಳೆ ದೋಸೆ ತರ ದಪ್ಪ ಬಂತು, ಪೆನ್ನು ಓಡಲಿಲ್ಲ. ಅದರಲ್ಲಿ ಟೊಮೇಟೊ ಬೀಜ ಸೇರಿಸಿ ಆಗಸ್ಟ್ 15ಕ್ಕೆ ಬಾವುಟ ಮಾಡಿದರು. ಕೆಲವು ಮೊಳೆತವು. ಆದರೆ ನೀರು ಖರ್ಚು ಜಾಸ್ತಿ, ನಮ್ಮ ಊರಿಗೆ ಅದು ಆಗಲ್ಲ.

ಗುಜರಿ. ಗುಜರಿಯಣ್ಣ ಕೊಡುತ್ತಿದ್ದ ರೇಟು ನನ್ನ ನೆನಪಿನಂತೆ ಕಿಲೋಗೆ ಪೇಪರ್‌ಗೆ ಹನ್ನೆರಡು, ನೋಟ್‌ಬುಕ್ ರದ್ದಿಗೆ ಒಂಬತ್ತು ಹತ್ತು, ರಟ್ಟಿಗೆ ಏಳೆಂಟು ರೂಪಾಯಿ. ಎಣ್ಣೆ ಪ್ಯಾಕೆಟ್ ಜಿಡ್ಡಿದ್ದರೆ ಮುಟ್ಟುವುದಿಲ್ಲ. ತೊಳೆದರೆ ನೀರು ದಂಡ. ಒಲೆಯ ಬೂದಿ ಹಾಕಿ ತಿಕ್ಕಿ ಹಳೆ ಪೇಪರಿನಲ್ಲಿ ಒರೆಸಿದರೆ ತಗೊಳ್ಳುತ್ತಾರೆ. ಮೊದಲ ವರ್ಷ ಸಾವಿರದ ಎಂಟುನೂರು ಬಂತು, ಎರಡನೇ ವರ್ಷ ಮೂರು ಸಾವಿರ ಹತ್ತಿರ. ಅವರ ತಕ್ಕಡಿಗೂ ನಮ್ಮ ತಕ್ಕಡಿಗೂ ಮೊದಲ ಸಲ ಎರಡು ಕಿಲೋ ವ್ಯತ್ಯಾಸ ಇತ್ತು. ಏಳನೇ ಕ್ಲಾಸಿನವರು "ಅಣ್ಣಾ, ಇನ್ನೊಂದು ಸಲ ತೂಗಿ" ಅಂದರು. ಆಮೇಲೆ ನಮ್ಮ ತಕ್ಕಡಿಯಲ್ಲೇ ತೂಗುತ್ತಾರೆ.

ಚಿಪ್ಸು, ಕುರುಕಲು ತಿಂಡಿಯ ಹೊಳೆಯುವ ಕವರ್ ಮಾತ್ರ ಗುಜರಿಯವರಿಗೂ ಬೇಡ. ಪ್ಲಾಸ್ಟಿಕ್ಕೂ ಲೋಹದ ಪದರವೂ ಅಂಟಿರುತ್ತೆ, ಬಿಡಿಸೋಕೆ ಆಗಲ್ಲ. ಪಂಚಾಯಿತಿಯ ಸ್ವಚ್ಛ ವಾಹಿನಿ ಕಸದ ಗಾಡಿ ಓಡಿಸುವ ಅಕ್ಕ ಬಂದು ಮಕ್ಕಳಿಗೆ ಹೇಳಿದರು, ಇಂಥದ್ದು ಸಿಮೆಂಟ್ ಕಾರ್ಖಾನೆಯಲ್ಲಿ ಉರಿಸೋಕೆ ಹೋಗುತ್ತೆ ಅಂತ. "ಯಾರೂ ಕೊಳ್ಳಲ್ಲ ಅಂದ್ರೆ ಇದನ್ನ ಯಾಕೆ ಮಾಡ್ತಾರೆ ಮಿಸ್?" ಅಂತ ಒಬ್ಬ ಕೇಳಿದ. 2018ರಲ್ಲಿ ತಮಿಳುನಾಡಿನ ತೂತುಕುಡಿಯ ಒಂದು ಶಾಲೆಯ ಹುಡುಗಿಯರು 20 ಸಾವಿರದಷ್ಟು ಕವರ್ ಸೇರಿಸಿ ತಯಾರಕರಿಗೇ ವಾಪಸ್ ಕಳಿಸಿದ್ದನ್ನು ಹೇಳಿದೆ. 2016ರ ಪ್ಲಾಸ್ಟಿಕ್ ನಿಯಮದಲ್ಲಿ ಅದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದೇ ಅಂತ ಇರೋದನ್ನೂ ಹೇಳಿದೆ. ನಮ್ಮವರೂ ಕಂಪನಿ ಪ್ರಕಾರ ಬೇರೆ ಮಾಡಿ ಎರಡು ಪಾರ್ಸೆಲ್ ಕಳಿಸಿದರು. ಒಂದಕ್ಕೂ ಉತ್ತರ ಇಲ್ಲ. ಮತ್ತೆ ಕಳಿಸುತ್ತಾರಂತೆ, ಈ ಸಲ ಸ್ಪೀಡ್ ಪೋಸ್ಟಿನಲ್ಲಿ, ಗುಜರಿ ದುಡ್ಡಿನಿಂದ. ಶಾಲೆಯ ಎದುರಿನ ಅಂಗಡಿಯವರು ಈಗ ಕವರ್ ಹಾಕೋಕೆ ಒಂದು ಚೀಲ ನೇತುಹಾಕಿದ್ದಾರೆ. ಅದನ್ನು ಕೇಳಿ ಹಾಕಿಸಿದ್ದು ಐದನೇ ಕ್ಲಾಸಿನವರು.

ಶುರು ಮಾಡುವವರಿಗೆ ದುಡ್ಡಿನ ಒಂದು ಮಾತು. ನೋಟ್‌ಬುಕ್ ರದ್ದಿಯನ್ನು ಪರೀಕ್ಷೆ ಮುಗಿದ ವಾರವೇ ಮಾರಬೇಡಿ, ಆಗ ಎಲ್ಲ ಶಾಲೆಯವರೂ ತರುತ್ತಾರೆ, ರೇಟು ಎರಡು ಮೂರು ರೂಪಾಯಿ ಬೀಳುತ್ತೆ. ಗೆದ್ದಲು ಬರದ ಜಾಗದಲ್ಲಿ ಮಣೆಯ ಮೇಲೆ ಕಟ್ಟಿಡಿ, ಜುಲೈ ಆಗಸ್ಟ್‌ನಲ್ಲಿ ಕೊಡಿ.