ಒಂದೇ ಕಡತಕ್ಕೆ ಮೂರು ಪ್ರೋಗ್ರಾಂ: ಎಸ್‌ಕ್ಯೂಲೈಟ್ ಲಾಕ್ ಆಗದಂತೆ ನೋಡಿಕೊಳ್ಳುವುದು ಹೇಗೆ?

ಎಸ್‌ಕ್ಯೂಲೈಟ್ ಎಂದರೆ ಇಡೀ ಡೇಟಾಬೇಸನ್ನು ಒಂದೇ ಕಡತದಲ್ಲಿ ಇಡುವ ತಂತ್ರಾಂಶ. ನನ್ನ ಅಂಥ ಒಂದು ಕಡತವನ್ನು ಮೂರು ಪ್ರೋಗ್ರಾಂಗಳು ಹಂಚಿಕೊಂಡಿವೆ. ಒಂದು ದಾಖಲೆ ಸೇರಿಸುತ್ತದೆ, ಇನ್ನೊಂದು ವರದಿ ತೆಗೆಯುತ್ತದೆ, ಮತ್ತೊಂದು ರಾತ್ರಿ ಹಳೆಯದನ್ನು ಅಳಿಸುತ್ತದೆ. ‘ಡೇಟಾಬೇಸ್ ಈಸ್ ಲಾಕ್ಡ್’ ಎಂಬ ಸಂದೇಶ ನನ್ನನ್ನು ಬಹಳ ದಿನ ಕಾಡಿತು.

ಮೊದಲು ಜರ್ನಲ್ ಮೋಡನ್ನು, ಅಂದರೆ ಬದಲಾವಣೆಗಳನ್ನು ಬರೆದಿಡುವ ವಿಧಾನವನ್ನು, ‘ವಾಲ್’ಗೆ (WAL) ಬದಲಿಸಿ. ಇದರಲ್ಲಿ ಬದಲಾವಣೆಗಳು ಮೊದಲು ಪಕ್ಕದ ಕಡತಕ್ಕೆ ಹೋಗಿ, ಆಮೇಲೆ ಮುಖ್ಯ ಕಡತಕ್ಕೆ ಸೇರುತ್ತವೆ. 2010ರಲ್ಲಿ 3.7.0 ಆವೃತ್ತಿಯೊಂದಿಗೆ ಬಂದ ಸೌಲಭ್ಯವಿದು. ಓದು ಮತ್ತು ಬರಹ ಒಂದಕ್ಕೊಂದು ಅಡ್ಡಬರುವುದಿಲ್ಲ. ಆದರೂ ಒಂದು ಹೊತ್ತಿಗೆ ಬರೆಯಬಲ್ಲದ್ದು ಒಂದೇ ಸಂಪರ್ಕ.

ಮುಂದಿನದು ‘ಬಿಝಿ ಟೈಮ್‌ಔಟ್’, ಅಂದರೆ ಲಾಕ್ ಬಿಡುವವರೆಗೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ. ನಾನು 5000 ಮಿಲಿಸೆಕೆಂಡ್ ಇಟ್ಟಿದ್ದೇನೆ. ವಾಲ್ ಮೋಡ್ ಕಡತದಲ್ಲೇ ಉಳಿಯುತ್ತದೆ. ಈ ಮಿತಿ ಹಾಗಲ್ಲ, ಪ್ರತಿ ಸಂಪರ್ಕ ತೆರೆದಾಗಲೂ ಹೊಂದಿಸಲೇಬೇಕು.

ಇಷ್ಟಾದರೂ ನನ್ನ ಪ್ರೋಗ್ರಾಂ ಒಂದು ಕ್ಷಣವೂ ಕಾಯದೆ ಸೋಲುತ್ತಿತ್ತು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಪ್ರೋಗ್ರಾಂ ಬರಿಯ ‘ಬಿಗಿನ್’ ಎಂದು ವಹಿವಾಟು (ಟ್ರಾನ್ಸಾಕ್ಷನ್, ಒಟ್ಟಿಗೇ ನಡೆಯಬೇಕಾದ ಕೆಲಸಗಳ ಗುಂಪು) ಆರಂಭಿಸಿ, ಮೊದಲು ಓದಿ, ಆಮೇಲೆ ಬರೆಯಲು ಹೋಗುತ್ತಿತ್ತು. ಅಷ್ಟರಲ್ಲಿ ಬೇರೊಂದು ಪ್ರೋಗ್ರಾಂ ಬರೆದುಬಿಟ್ಟಿದ್ದರೆ ಕೈಯಲ್ಲಿರುವ ಓದು ಹಳತು. ಎಷ್ಟು ಕಾದರೂ ಅದು ಹೊಸದಾಗದು. ಬರೆಯುವುದು ಖಚಿತವಿದ್ದರೆ ‘ಬಿಗಿನ್ ಇಮ್ಮೀಡಿಯೆಟ್’ ಎಂದೇ ಆರಂಭಿಸಿ, ಸರದಿಗೆ ಮೊದಲೇ ನಿಲ್ಲಿ. ದಯವಿಟ್ಟು ಇದನ್ನು ಬಿಡಬೇಡಿ.

ವಹಿವಾಟು ಚಿಕ್ಕದಿರಲಿ. ಅಳಿಸುವ ಕೆಲಸವನ್ನು ನಾನು 500 ಸಾಲುಗಳ ಕಂತುಗಳಲ್ಲಿ ಮುಗಿಸುತ್ತೇನೆ.

ಕಡತವನ್ನು ನೆಟ್‌ವರ್ಕ್ ಫೋಲ್ಡರಿನಲ್ಲಿ ಇಡಬೇಡಿ: ಬೇರೆ ಬೇರೆ ಯಂತ್ರಗಳ ನಡುವೆ ವಾಲ್ ನಡೆಯುವುದಿಲ್ಲ. ಪಕ್ಕದಲ್ಲಿ ಕಾಣುವ ‘ವಾಲ್’ ಕಡತವನ್ನು ಕಸವೆಂದು ಅಳಿಸಲೂ ಬೇಡಿ; ಮುಖ್ಯ ಕಡತಕ್ಕೆ ಇನ್ನೂ ಸೇರದ ನಿಮ್ಮ ದಾಖಲೆಗಳು ಅದರಲ್ಲಿರುತ್ತವೆ.